ಸದಾಶಿವ ಪೇಠೆಯ ಕಾಕು ಮನೆಯಲ್ಲಿ ಮೊದಲ ಐದು ವಾರ

ಧಾರವಾಡದವರಿಗೆ ಪುಣೆ ಪರದೇಶವಲ್ಲ. ರಸ್ತೆಯ ಲೆಕ್ಕ ಹಿಡಿದರೆ ನಮಗೆ ಬೆಂಗಳೂರು ಎಷ್ಟು ದೂರವೋ ಪುಣೆಯೂ ಹೆಚ್ಚುಕಡಿಮೆ ಅಷ್ಟೇ ದೂರ. ಎರಡೂ ನಾನೂರು ಕಿಲೋಮೀಟರಿನ ಆಚೀಚೆ. ನಮ್ಮ ಕಡೆಯ ಬಹಳಷ್ಟು ಮನೆಗಳಲ್ಲಿ ಒಬ್ಬ ಮಾಮಾ ಬೆಂಗಳೂರಿನಲ್ಲಿದ್ದರೆ ಇನ್ನೊಬ್ಬ ಕಾಕಾ ಪುಣೆಯಲ್ಲಿರುತ್ತಾನೆ. ಹೇಳಿಕೇಳಿ ಈ ಮಾಮಾ, ಕಾಕಾ ಎಂಬ ಮಾತುಗಳೇ ಅತ್ತ ಕಡೆಯಿಂದ ಬಂದವು. 1956ರವರೆಗೆ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದ ಸೀಮೆಗಳೆಲ್ಲ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಹೆಚ್ಚಿಗೆ ಓದಬೇಕು ಎಂದವರು ಹತ್ತುತ್ತಿದ್ದದ್ದು ಪುಣೆಯ ಗಾಡಿ. ಬೇಂದ್ರೆಯವರು ಬಿ.ಎ. ಮಾಡಿದ್ದು ಇಲ್ಲಿನ ಫರ್ಗ್ಯುಸನ್ ಕಾಲೇಜಿನಲ್ಲಿ, 1918ರಲ್ಲಿ. ಕರ್ನಾಟಕ ಏಕೀಕರಣಕ್ಕೆ ಜೀವ ತೇಯ್ದ ಆಲೂರು ವೆಂಕಟರಾಯರು ಓದಿದ್ದೂ ಅದೇ ಕಾಲೇಜಿನಲ್ಲಿ. ಕನ್ನಡದ ಅಭಿಮಾನದ ಒಂದಷ್ಟು ಪಾಲು ಪುಣೆಯ ನೀರು ಕುಡಿದೇ ಬೆಳೆಯಿತು ಎಂದರೆ ತಪ್ಪಾಗಲಾರದು.

ಇಷ್ಟೆಲ್ಲ ಗೊತ್ತಿದ್ದೂ, 2022ರ ನವೆಂಬರ್ ನಡುವೆ ಒಂದು ಸೂಟ್‌ಕೇಸ್, ಒಂದು ಡಬ್ಬಿ ಶೇಂಗಾ ಚಟ್ನಿ, ಎರಡು ಪೊಟ್ಟಣ ಧಾರವಾಡ ಫೇಡಾ ಹಿಡಿದು ಸ್ವಾರಗೇಟಿನಲ್ಲಿ ಇಳಿದಾಗ ನನಗೆ ಹೊಟ್ಟೆಯೊಳಗೆ ಪುಕಪುಕ ಎನ್ನುತ್ತಿತ್ತು. ಗಡಿಭಾಗದ ಅಡುಗೆಮನೆಯ ಶಬ್ದಗಳ ಮೇಲೆ ನನ್ನ ಪಿಎಚ್‌ಡಿ ಕೆಲಸ. ಅದಕ್ಕಾಗಿ ಮೂರು ತಿಂಗಳು ಯೆರವಡಾದ ಡೆಕ್ಕನ್ ಕಾಲೇಜಿನ ಗ್ರಂಥಾಲಯದಲ್ಲಿ ಓದಬೇಕಿತ್ತು. ಮೂರು ತಿಂಗಳಿಗೆ ಹಾಸ್ಟೆಲ್ ಸಿಗಲಿಲ್ಲ. ಅಪ್ಪನ ಗೆಳೆಯರೊಬ್ಬರು ಸದಾಶಿವ ಪೇಠೆಯ ಒಂದು ಮನೆ ಗೊತ್ತು ಮಾಡಿಕೊಟ್ಟರು. ಊಟ ಸೇರಿ ತಿಂಗಳಿಗೆ ಎಂಟು ಸಾವಿರ. ಮನೆಯಲ್ಲಿ ಮೂವರು: ಬ್ಯಾಂಕಿನಿಂದ ನಿವೃತ್ತರಾದ ಕಾಕಾ, ಅವರ ಹೆಂಡತಿ ಕಾಕು, ಕಾಕಾ ಅವರ ತಾಯಿ, ಎಂಬತ್ತೆಂಟು ವರ್ಷದ ಆಜಿ. ಮಗ ಜರ್ಮನಿಯಲ್ಲಿ. ಅವನ ಖೋಲಿ ನನ್ನದಾಯಿತು. ನಮ್ಮಲ್ಲೂ ಕೋಣೆಗೆ ಖೋಲಿ ಅಂತಲೇ ಅನ್ನುವುದರಿಂದ ಮೊದಲ ದಿನವೇ ಒಂದು ಶಬ್ದ ಕಲಿಯುವ ಕಷ್ಟ ತಪ್ಪಿತು.

ಹಳೆಯ ಪುಣೆ ಎಂದರೆ ಪೇಠೆಗಳು. ಸೋಮವಾರ ಪೇಠ, ಮಂಗಳವಾರ ಪೇಠ, ಬುಧವಾರ ಪೇಠ ಎಂದು ವಾರದ ಏಳೂ ದಿನಗಳು ಇಲ್ಲಿ ಬಡಾವಣೆಗಳಾಗಿವೆ. ಶನಿವಾರ ಪೇಠೆಯಲ್ಲಿ ಮಂಗಳವಾರ ಭೇಟಿಯಾಗೋಣ ಎಂದು ಯಾರಾದರೂ ಹೇಳಿದರೆ ಗಲಿಬಿಲಿಯಾಗಬಾರದು. ನಾರಾಯಣ ಪೇಠ ನಾರಾಯಣರಾವ್ ಪೇಶ್ವೆಯ ಹೆಸರಿನದು, ಸದಾಶಿವ ಪೇಠ ಪಾಣಿಪತ್ತಿನಲ್ಲಿ ಮಡಿದ ಸದಾಶಿವರಾವ್ ಭಾವೂನ ಹೆಸರಿನದು. ಮೊದಲು ಇಲ್ಲೆಲ್ಲ ವಾಡೆಗಳಿದ್ದವು: ನಡುವೆ ಚೌಕ, ಸುತ್ತ ಮರದ ಕಂಬಗಳು, ಕೆಳಗೆ ಕಲ್ಲು, ಮೇಲೆ ಇಟ್ಟಿಗೆ. ಈಗ ಹೆಚ್ಚಿನವನ್ನು ಕೆಡವಿ ಮೂರು ನಾಲ್ಕಂತಸ್ತಿನ ಕಟ್ಟಡ ಎಬ್ಬಿಸಿದ್ದಾರೆ. ನಮ್ಮದೂ ಅಂಥದ್ದೇ. ಹಳೆಯ ವಾಡೆಯಿಂದ ಉಳಿದದ್ದು ಅಂಗಳದ ಒಂದು ಬಾವಿ, ಅದರ ಮೇಲೊಂದು ಕಬ್ಬಿಣದ ಜಾಳಿಗೆ, ಮತ್ತು 1961ರ ಜುಲೈ 12ರ ನೆನಪು. ಅಂದು ಪಾನಶೇತ ಅಣೆಕಟ್ಟು ಒಡೆದು ಮುಠಾ ನದಿ ಊರಿಗೆ ನುಗ್ಗಿತು. ನಾಲ್ಕು ವರ್ಷದ ಕಾಕಾನನ್ನು ಬಗಲಲ್ಲಿ ಎತ್ತಿಕೊಂಡು ಆಜಿ ಮಾಳಿಗೆ ಏರಿದ್ದರಂತೆ. ಪುಣೆಯ ಹಳಬರ ಕಾಲಗಣನೆಯಲ್ಲಿ ‘ಪಾನಶೇತಿಗೆ ಮೊದಲು’ ಮತ್ತು ‘ಪಾನಶೇತಿನ ನಂತರ’ ಎಂಬ ಎರಡು ಯುಗಗಳೇ ಇವೆ.

ಪುಣೆಯ ಫಲಕಗಳ ಬಗ್ಗೆ ನೀವು ಕೇಳಿರಬಹುದು. ಬೇರೆ ಊರಿನವರು ಬಾಯಿ ಬಿಟ್ಟು ಹೇಳಲು ಸಂಕೋಚಪಡುವುದನ್ನು ಪುಣೇಕರರು ಹಲಗೆಯ ಮೇಲೆ ಬರೆದು ಗೋಡೆಗೆ ನೇತುಹಾಕುತ್ತಾರೆ. ನಮ್ಮ ಕಟ್ಟಡದ ಬಾಗಿಲಲ್ಲಿ ಗಾಡಿ ನಿಲ್ಲಿಸಬಾರದು ಎಂಬುದಕ್ಕೆ ಮೂರು ಫಲಕ, ಒಂದಕ್ಕಿಂತ ಒಂದು ಖಾರ. ಮನೆಯ ಕರೆಗಂಟೆಯ ಕೆಳಗೆ ಕಾಕಾ ಅವರ ಚೆಂದದ ಅಕ್ಷರದಲ್ಲಿ ಒಂದು ಚೀಟಿ: ಗಂಟೆ ಒಂದೇ ಸಲ ಒತ್ತಿ, ಒಳಗಿನವರಿಗೆ ನಡೆದು ಬರಲು ಹೊತ್ತು ಬೇಕು. ಕಾಕು ಹೇಳಿದ ನಿಯಮಗಳು ನಾಲ್ಕೇ. ಸ್ನಾನ ಏಳರೊಳಗೆ ಆಗಬೇಕು. ರಾತ್ರಿ ಊಟಕ್ಕೆ ಬರುವುದಿಲ್ಲ ಎಂದರೆ ನಾಲ್ಕು ಗಂಟೆಯೊಳಗೆ ತಿಳಿಸಬೇಕು. ತಟ್ಟೆಯಲ್ಲಿ ಬಿಡಬಾರದು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಸದ್ದು ಮಾಡಬಾರದು. ಈ ಕೊನೆಯದು ಮನೆಯ ನಿಯಮವಲ್ಲ, ಊರಿನ ನಿಯಮ. ಬಾಕರವಡಿಗೆ ಹೆಸರಾದ ಚಿತಳೆ ಬಂಧು ಅಂಗಡಿ ಕೂಡ ಎಷ್ಟೋ ವರ್ಷ ಆ ಹೊತ್ತಿನಲ್ಲಿ ಬಾಗಿಲು ಹಾಕುತ್ತಿತ್ತು. ಗಿರಾಕಿ ಬಿಸಿಲಲ್ಲಿ ಕಾಯಲಿ, ಮಾಲೀಕರು ನಿದ್ದೆ ಮುಗಿಸಿ ಬರುತ್ತಾರೆ. ವ್ಯಾಪಾರದಲ್ಲೂ ಇಂಥ ನೆಮ್ಮದಿ ಇರಬಹುದು ಎಂದು ನನಗೆ ಗೊತ್ತೇ ಇರಲಿಲ್ಲ.

ಮೊದಲ ವಾರ ಊಟವೇ ಒಂದು ಪರೀಕ್ಷೆ. ನಾಲ್ಕು ನೂರು ಕಿಲೋಮೀಟರಿನಲ್ಲಿ ಅಡುಗೆ ಬದಲಾಗುವುದು ಪದಾರ್ಥದಲ್ಲಲ್ಲ, ಹದದಲ್ಲಿ. ಅದೇ ತೊಗರಿಬೇಳೆ, ಕಾಕು ಅದಕ್ಕೆ ಗೋಡಾ ಮಸಾಲೆ, ಆಮಸೂಲು, ಒಂದು ತುಂಡು ಬೆಲ್ಲ ಹಾಕಿ ಆಮಟಿ ಮಾಡುತ್ತಿದ್ದರು. ಖಾರದ ಸಾರಿಗೆ ಹೊಂದಿದ ನನ್ನ ನಾಲಿಗೆ ಎರಡು ದಿನ ಮುನಿಸಿಕೊಂಡಿತು. ಮೂರನೆಯ ದಿನ ನನ್ನ ಶೇಂಗಾ ಚಟ್ನಿಯ ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಕಾಕಾ ಅದನ್ನು ವರಣ-ಭಾತಿನ ಬದಿಗೆ ಹಾಕಿಕೊಂಡು ಒಂದು ತುತ್ತು ತಿಂದು, ಕಣ್ಣು ಒರೆಸಿಕೊಂಡು, ಮತ್ತೊಂದು ಚಮಚ ಹಾಕಿಕೊಂಡರು. ಅಲ್ಲಿಂದ ಡಬ್ಬಿ ಮೇಜಿನ ಮೇಲೆಯೇ ಉಳಿಯಿತು.

ಆ ಭಾನುವಾರ ಪುರಣಪೋಳಿ. ಪುರಣ ಅರೆಯುವ ಮುಂಚೆ ಬೇಳೆ ಬಸಿದ ನೀರನ್ನು ಕಾಕು ಬೇರೆ ತೆಗೆದಿಟ್ಟರು. ಇದರಿಂದ ಏನು ಮಾಡುತ್ತೀರಿ ಎಂದೆ. ‘ಕಟಾಚಿ ಆಮಟಿ’ ಎಂದರು. ನಾನು ಅಡುಗೆಮನೆಯಲ್ಲೇ ವಹಿ ತೆಗೆದು ಬರೆದುಕೊಂಡೆ. ನಮ್ಮಲ್ಲಿ ಹೋಳಿಗೆಯ ದಿನ ಮಾಡುವುದು ಕಟ್ಟಿನ ಸಾರು. ಬಸಿದ ನೀರಿಗೆ ನಾವು ಕಟ್ಟು ಎನ್ನುತ್ತೇವೆ, ಅವರು ಕಟ ಎನ್ನುತ್ತಾರೆ. ಆ ಸಾಲಿನ ಕೆಳಗೆ ಇನ್ನೂ ಬರೆಯುತ್ತ ಹೋದೆ: ತುಪ್ಪ–ತೂಪ, ಚಕ್ಕುಲಿ–ಚಕಲಿ, ಅಡಕೆ ಕತ್ತರಿಸುವ ಅಡಕೊತ್ತು–ಅಡಕಿತ್ತಾ. ಮೂರು ತಿಂಗಳ ಓದಿಗೆ ಬೇಕಾದ ಸಾಮಾನು ಗ್ರಂಥಾಲಯದಲ್ಲಿ ಎಷ್ಟಿತ್ತೋ, ಈ ಒಲೆಯ ಪಕ್ಕದಲ್ಲೂ ಅಷ್ಟೇ ಇತ್ತು.

ಹತ್ತಿರದ ಭಾಷೆಗಳ ನಡುವೆ ಇನ್ನೊಂದು ತೊಂದರೆ ಇದೆ. ಒಂದೇ ಸದ್ದು, ಬೇರೆ ಅರ್ಥ. ಮರಾಠಿಯಲ್ಲಿ ‘ಊಠ’ ಎಂದರೆ ಏಳು; ಬೆಳಿಗ್ಗೆ ಆರಕ್ಕೆ ಕಾಕು ಬಾಗಿಲು ತಟ್ಟಿ ‘ಊಠ, ಊಠ’ ಎಂದಾಗ ಈ ಹೊತ್ತಿನಲ್ಲಿ ಯಾರ ಊಟ ಎಂದು ಗಾಬರಿಯಾಗಿತ್ತು. ‘ಬಸ್’ ಎಂದರೆ ಕುಳಿತುಕೋ. ‘ಕಾಯ್’ ಎಂದರೆ ಏನು. ‘ಹಲ್ಲೀ’ ಎಂದರೆ ಈಚೆಗೆ. ಆದರೆ ಇವೆಲ್ಲಕ್ಕೂ ಕಿರೀಟವಿಟ್ಟದ್ದು ‘ಮೇಲೆ’. ಒಂದು ಸಂಜೆ ಅವ್ವ ಫೋನ್ ಮಾಡಿದ್ದಳು. ಅಜ್ಜ ಎಲ್ಲಿ, ಮಾತಾಡಿಸು ಎಂದೆ. ಮಾಳಿಗೆ ಮೇಲೆ ಇದ್ದಾನೆ, ಕರೆಯಲಾ ಎಂದಳು. ‘ಅಜ್ಜ ಮೇಲೆ? ಯಾವಾಗ? ಇಷ್ಟು ಹೊತ್ತಿನಲ್ಲಿ ಯಾಕ?’ ಎಂದು ನಾನು ಸ್ವಲ್ಪ ಜೋರಾಗಿಯೇ ಕೇಳಿದೆ. ಎಂಬತ್ತರ ಮುದುಕ ಕತ್ತಲಲ್ಲಿ ನಿಚ್ಚಣಿಕೆ ಏರಿದ್ದಾನಲ್ಲ ಎಂಬ ಸಿಟ್ಟು. ಫೋನ್ ಇಟ್ಟು ತಿರುಗಿದರೆ ಕಾಕು ಒಂದು ಲೋಟ ನೀರು ಹಿಡಿದು ನಿಂತಿದ್ದಾರೆ, ಕಣ್ಣಲ್ಲಿ ನೀರು. ಕಾಕಾ ಟಿವಿ ಆರಿಸಿದ್ದಾರೆ. ಕಾಕು ನನ್ನ ಬೆನ್ನ ಮೇಲೆ ಕೈಯಾಡಿಸಿ, ಈಗಲೇ ರೈಲಿನ ಟಿಕೆಟ್ ನೋಡೋಣ ಎನ್ನುತ್ತಿದ್ದಾರೆ.

ನನಗೆ ಏನೊಂದೂ ತಿಳಿಯಲಿಲ್ಲ. ಆಗ ಒಳಗಿನ ಮಂಚದಿಂದ ಆಜಿ ಗಹಗಹಿಸಿ ನಕ್ಕರು. ಮರಾಠಿಯಲ್ಲಿ ‘ಮೇಲೆ’ ಎಂದರೆ ಸತ್ತರು ಎಂದು ಅರ್ಥ. ಸೊಸೆಗೆ ಮರಾಠಿಯಲ್ಲಿ ವಿವರಿಸಿದ ಮೇಲೆ ಆಜಿ ನನ್ನ ಕಡೆ ತಿರುಗಿ ಜಮಖಂಡಿಯ ಅಪ್ಪಟ ಕನ್ನಡದಲ್ಲಿ ಹೇಳಿದರು: ‘ನಿಮ್ಮಜ್ಜ ಗಟ್ಟ್ಯಾಗಿದ್ದಾನಿಲ್ಲೋ ಮತ್ತ? ಇವರು ಸುಮ್ಮನ ಅವನ್ನ ಕಳಿಸಿಬಿಟ್ಟಿದ್ರು ನೋಡವಾ.’

ಆ ಮನೆಯಲ್ಲಿ ಆಜಿಗೆ ಕನ್ನಡ ಬರುತ್ತದೆ ಎಂಬುದು ನನಗೆ ತಿಳಿದದ್ದು ಹೀಗೆ. ಅವರು ಹುಟ್ಟಿದ್ದು ಜಮಖಂಡಿಯಲ್ಲಿ, ಅದು ಪಟವರ್ಧನರ ಸಂಸ್ಥಾನವಾಗಿದ್ದ ಕಾಲದಲ್ಲಿ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ. 1952ರಲ್ಲಿ ಹದಿನೆಂಟು ವರ್ಷಕ್ಕೆ ಮದುವೆಯಾಗಿ ಪುಣೆಗೆ ಬಂದ ಮೇಲೆ ಮಾತಾಡಲು ಯಾರೂ ಇರಲಿಲ್ಲ. ಎಪ್ಪತ್ತು ವರ್ಷ ಬಳಸದ ಭಾಷೆ ಸವೆದು ಹೋಗಿರುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ಆಜಿಯ ಕನ್ನಡ ಒಂದು ರೀತಿಯಲ್ಲಿ ಸವೆದಿತ್ತು, ಇನ್ನೊಂದು ರೀತಿಯಲ್ಲಿ ಅಚ್ಚಳಿಯದೆ ಉಳಿದಿತ್ತು. ವಯಸ್ಸಾದವರ ಮಾತುಗಳು ಅವರಿಗೆ ಬರುತ್ತಿರಲಿಲ್ಲ. ಬಾಡಿಗೆ, ಔಷಧ, ಸರಕಾರ ಇವಕ್ಕೆಲ್ಲ ಮರಾಠಿಯೇ ಬೇಕು. ಆದರೆ ಕುಂಟಾಬಿಲ್ಲಿ ಆಟದ ಲೆಕ್ಕ, ಬೈಗುಳ, ಹುಣಸೆಕಾಯಿ ಕದಿಯುವ ಉಪಾಯ ಇವೆಲ್ಲ ನಿನ್ನೆ ಮೊನ್ನೆಯಂತೆ ಬರುತ್ತಿದ್ದವು. ಅವರ ಕನ್ನಡಕ್ಕೆ ಹದಿನೆಂಟು ವರ್ಷ ದಾಟಿಯೇ ಇರಲಿಲ್ಲ.

ಅಂದಿನಿಂದ ಸಂಜೆ ಐದಕ್ಕೆ ನಾನು ಗ್ರಂಥಾಲಯದಿಂದ ಬಂದ ಮೇಲೆ ಆಜಿಯ ಮಂಚದ ಪಕ್ಕ ಚಹಾ ಮತ್ತು ಕನ್ನಡ. ಕಿವಿ ಮಂದವಾದ್ದರಿಂದ ಇಬ್ಬರೂ ಕೂಗಿಯೇ ಮಾತಾಡಬೇಕು. ರಸ್ತೆಯ ಕಡೆಯ ಕಿಟಕಿ ತೆರೆದೇ ಇರುತ್ತಿತ್ತು. ಸದಾಶಿವ ಪೇಠೆಯ ಆ ಗಲ್ಲಿಗೆ ಜಮಖಂಡಿಯ ಓಣಿಯ ಜಗಳಗಳೆಲ್ಲ ದಿನವೂ ಕೇಳಿಸುತ್ತಿದ್ದವು.

ಹಗಲೆಲ್ಲ ನಾನು ಡೆಕ್ಕನ್ ಕಾಲೇಜಿನಲ್ಲಿ. 1821ರಲ್ಲಿ ಹಿಂದೂ ಕಾಲೇಜು ಎಂಬ ಹೆಸರಿನಲ್ಲಿ ಶುರುವಾದ ಸಂಸ್ಥೆ ಇದು. ಇಲ್ಲಿ 1948ರಿಂದ ಒಂದು ಸಂಸ್ಕೃತ ನಿಘಂಟು ತಯಾರಾಗುತ್ತಿದೆ. ಆ ಕೆಲಸ ಹಾಕಿಕೊಟ್ಟವರು ನಮ್ಮ ಹೊನ್ನಾವರದಲ್ಲಿ ಹುಟ್ಟಿದ ಎಸ್. ಎಂ. ಕತ್ರೆ. ಗ್ರಂಥಗಳಿಂದ ಹೆಕ್ಕಿ ಬರೆದಿಟ್ಟ ಸುಮಾರು ಒಂದು ಕೋಟಿ ಚೀಟಿಗಳು ಕಬ್ಬಿಣದ ಕಪಾಟುಗಳಲ್ಲಿ ಇವೆ. ಮೂವತ್ತೈದು ಸಂಪುಟ ಬಂದರೂ ನಾನು ಹೋದ ವರ್ಷ ಇನ್ನೂ ‘ಅ’ ಅಕ್ಷರವೇ ಮುಗಿದಿರಲಿಲ್ಲ. ಪಿಎಚ್‌ಡಿ ಯಾವಾಗ ಮುಗಿಯುತ್ತದೆ ಎಂದು ಮನೆಯವರು ಕೇಳಿದಾಗಲೆಲ್ಲ ನಾನು ಈ ನಿಘಂಟಿನ ಕತೆ ಹೇಳುತ್ತಿದ್ದೆ.

ನನ್ನ ಓದಿನಲ್ಲಿ ಮತ್ತೆ ಮತ್ತೆ ಎದುರಾದದ್ದು ಕುಪವಾಡ. ಸಾಂಗಲಿ ಜಿಲ್ಲೆಯ ಊರು. ಅಲ್ಲಿ ಕನ್ನಡ, ಮರಾಠಿ, ಉರ್ದು ಮಾತಾಡುವವರು ಶತಮಾನಗಳಿಂದ ಅಕ್ಕಪಕ್ಕ ಬದುಕಿದ್ದಾರೆ. ಗಂಪರ್ಜ್ ಮತ್ತು ವಿಲ್ಸನ್ ಎಂಬ ಇಬ್ಬರು ಭಾಷಾವಿಜ್ಞಾನಿಗಳು 1971ರಲ್ಲಿ ಆ ಊರಿನ ಮಾತಿನ ಬಗ್ಗೆ ಬರೆದ ಲೇಖನ ಜಗತ್ತಿನಾದ್ಯಂತ ಪಾಠವಾಗಿದೆ. ಅವರು ಕಂಡದ್ದು ಇಷ್ಟು: ಅಲ್ಲಿಯ ಮೂರು ಭಾಷೆಗಳ ಶಬ್ದಗಳು ಬೇರೆ ಬೇರೆ ಉಳಿದಿವೆ, ವಾಕ್ಯದ ಕಟ್ಟು ಮಾತ್ರ ಹೆಚ್ಚುಕಡಿಮೆ ಒಂದೇ ಆಗಿಬಿಟ್ಟಿದೆ. ಒಂದು ಭಾಷೆಯ ಶಬ್ದ ತೆಗೆದು ಅದೇ ಜಾಗದಲ್ಲಿ ಇನ್ನೊಂದರ ಶಬ್ದ ಕೂಡಿಸುತ್ತ ಹೋದರೆ ವಾಕ್ಯ ತಯಾರು. ಯಾರೂ ತಮ್ಮ ಭಾಷೆ ಬಿಟ್ಟುಕೊಡಲಿಲ್ಲ, ಆದರೂ ಎಲ್ಲರೂ ಸ್ವಲ್ಪ ಸ್ವಲ್ಪ ಬದಲಾದರು. ಇದನ್ನು ಓದಿ ನನಗೆ ಬಹಳ ಸಮಾಧಾನವಾಗಿತ್ತು. ನಮ್ಮ ಭಾಗಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಬೇಕಿಲ್ಲ ಎಂದು ವಹಿಯ ಅಂಚಿನಲ್ಲಿ ಬರೆದುಕೊಂಡಿದ್ದೆ ಕೂಡ.

ಅಷ್ಟರಲ್ಲಿ ಡಿಸೆಂಬರ್ ಬಂತು. ಸುಪ್ರೀಂ ಕೋರ್ಟಿನಲ್ಲಿ 2004ರಿಂದ ಇರುವ ಗಡಿ ದಾವೆ ಮತ್ತೆ ಸುದ್ದಿಯಲ್ಲಿತ್ತು. ಮಹಾರಾಷ್ಟ್ರದ ಇಬ್ಬರು ಮಂತ್ರಿಗಳು ಬೆಳಗಾವಿಗೆ ಬರುತ್ತಾರೆ, ಬರುವುದಿಲ್ಲ ಎಂದು ದಿನವೂ ಮಾತು. ನಮ್ಮ ಮನೆಯಲ್ಲಿ ಮಾತ್ರ ಬೇರೆ ಗಡಿಬಿಡಿ. ಡಿಸೆಂಬರ್ 7ಕ್ಕೆ ದತ್ತ ಜಯಂತಿ. ಅದಕ್ಕೆ ಮುಂಚಿನ ಏಳು ದಿನ ಕಾಕಾ ಗುರುಚರಿತ್ರೆಯ ಪಾರಾಯಣಕ್ಕೆ ಕೂರುತ್ತಾರೆ. ಬೆಳಿಗ್ಗೆ ಸ್ನಾನ ಮಾಡಿ, ಸೋವಳೆ ಉಟ್ಟು, ಐವತ್ತಕ್ಕೂ ಹೆಚ್ಚು ಅಧ್ಯಾಯಗಳನ್ನು ಏಳು ದಿನಕ್ಕೆ ಹಂಚಿಕೊಂಡು ಗಟ್ಟಿಯಾಗಿ ಓದುತ್ತಾರೆ. ಮಹಾರಾಷ್ಟ್ರದ ಮನೆಮನೆಯಲ್ಲಿ ಪೂಜೆಗೊಳ್ಳುವ ಈ ಮರಾಠಿ ಗ್ರಂಥದ ಅರ್ಧಕ್ಕರ್ಧ ಭೂಗೋಳ ನಮ್ಮದು. ನರಸಿಂಹ ಸರಸ್ವತಿಗಳು ಕೊನೆಗೆ ನೆಲೆ ನಿಂತದ್ದು ಕಲಬುರಗಿ ಜಿಲ್ಲೆಯ ಗಾಣಗಾಪುರದಲ್ಲಿ. ಗ್ರಂಥ ಬರೆದ ಸರಸ್ವತಿ ಗಂಗಾಧರನೇ ತನಗೆ ಮಹಾರಾಷ್ಟ್ರದ ಭಾಷೆ ಬಾರದು ಎಂದು ಮೊದಲಲ್ಲೇ ಹೇಳಿಕೊಂಡಿದ್ದಾನೆ. ಅವನ ಮನೆಮಾತು ಕನ್ನಡ ಎನ್ನುತ್ತಾರೆ ಬಲ್ಲವರು.

ಆರನೆಯ ದಿನ, ಡಿಸೆಂಬರ್ 6, ಮಂಗಳವಾರ. ನಾನು ಒಳಗೆ ತಲೆ ಬಾಚಿಕೊಳ್ಳುತ್ತಿದ್ದೆ. ಕಾಕಾ ಅವರ ಓದು ಇದ್ದಕ್ಕಿದ್ದಂತೆ ತಡವರಿಸತೊಡಗಿತು. ಕಿವಿಗೊಟ್ಟೆ. ಅದು ಕನ್ನಡ! ನಲವತ್ತೊಂದನೆಯ ಅಧ್ಯಾಯದಲ್ಲಿ ಸಾಯಂದೇವನೆಂಬ ಭಕ್ತ ಗುರುವನ್ನು ಕನ್ನಡದಲ್ಲಿ ಸ್ತುತಿಸುತ್ತಾನೆ. ಆ ಕನ್ನಡ ಪದಗಳು ದೇವನಾಗರಿ ಅಕ್ಷರದಲ್ಲಿ ಹಾಗೆಯೇ ಅಚ್ಚಾಗಿವೆ. ಕಾಕಾ ಅವುಗಳನ್ನು ಎಲ್ಲೆಲ್ಲೋ ಒಡೆದು, ಎಲ್ಲೆಲ್ಲೋ ಕೂಡಿಸಿ, ಒಂದು ಅಕ್ಷರವನ್ನೂ ಬಿಡದೆ ಓದುತ್ತಿದ್ದರು. ಪಾರಾಯಣ ಮುಗಿದ ಮೇಲೆ ನಾನು ಪುಸ್ತಕ ನೋಡಿ ಅರ್ಥ ಹೇಳಿದೆ. ಭಕ್ತರ ಭಾಗ್ಯವನ್ನೇ ಇಂದು ಕಣ್ಣಾರೆ ಕಂಡೆ ಎಂಬ ಸಂತೋಷದ ಹಾಡು ಅದು. ಕಾಕಾ ಕನ್ನಡಕ ತೆಗೆದು ಸ್ವಲ್ಪ ಹೊತ್ತು ಸುಮ್ಮನಿದ್ದರು. ನಲವತ್ತು ವರ್ಷದಿಂದ ಓದುತ್ತಿದ್ದೇನೆ, ಮಂತ್ರದ ಹಾಗೆ ಏನೋ ಇರಬೇಕು ಅಂದುಕೊಂಡಿದ್ದೆ, ಇದು ಮಾತು ಅಂತ ಗೊತ್ತಿರಲಿಲ್ಲ ಎಂದರು.

ಅದೇ ದಿನ ಹಿರೇಬಾಗೇವಾಡಿ ಟೋಲ್ ನಾಕೆಯ ಹತ್ತಿರ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿದ್ದವು. ಅದಕ್ಕೆ ಉತ್ತರವಾಗಿ ಪುಣೆಯಲ್ಲಿ, ಸ್ವಾರಗೇಟಿನ ಬಳಿ ನಿಂತಿದ್ದ ಕರ್ನಾಟಕದ ಬಸ್ಸುಗಳಿಗೆ ಕಪ್ಪು ಬಳಿದರು. ಮೂರು ವಾರದ ಹಿಂದೆ ನಾನು ಸೂಟ್‌ಕೇಸ್ ಹಿಡಿದು ಇಳಿದ ಜಾಗ ಅದು. ಸಂಜೆ ಟಿವಿಯಲ್ಲಿ ಅದೇ ದೃಶ್ಯ ಮತ್ತೆ ಮತ್ತೆ. ಬಸ್ಸಿನ ಹಣೆಯ ಮೇಲಿನ ಕನ್ನಡ ಅಕ್ಷರದ ಮೇಲೆ ಕಪ್ಪು ಬಣ್ಣ ಇಳಿಯುವುದನ್ನು ನೋಡುವಾಗ ಏನಾಯಿತು ಎಂದು ಸರಿಯಾಗಿ ಹೇಳಲಾರೆ. ಭಯ ಅಲ್ಲ, ಸಿಟ್ಟೂ ಅಲ್ಲ. ನಾನು ಓದಬಲ್ಲ ಅಕ್ಷರ, ಆ ಖೋಲಿಯಲ್ಲಿ ನನ್ನೊಬ್ಬಳನ್ನು ಬಿಟ್ಟರೆ ಯಾರೂ ಓದಲಾಗದ ಅಕ್ಷರ, ಅಳಿಸಿ ಹೋಗುತ್ತಿತ್ತು. ಆಜಿಗೂ ಓದಲು ಬಾರದು; ಅವರಿಗೆ ಬರುವುದು ಮಾತು ಮಾತ್ರ.

ಅಪ್ಪನ ಫೋನ್ ಬಂತು. ಬಸ್ಸು ನಿಲ್ಲಿಸುತ್ತಿದ್ದಾರೆ, ರೈಲಿನಲ್ಲಿ ಬಂದುಬಿಡು, ಓದು ಆಮೇಲೆ ನೋಡೋಣ ಎಂದ. ನಾನು ಬಾಲ್ಕನಿಯಲ್ಲಿ ನಿಂತು ಮಾತಾಡುತ್ತಿದ್ದೆ. ಕಾಕು ಬಂದು ಮೆಲ್ಲಗೆ ನನ್ನನ್ನು ಒಳಗೆ ಕರೆದುಕೊಂಡು ಬಾಗಿಲು ಮುಚ್ಚಿದರು. ನಾಲ್ಕು ದಿನ ಹೊರಗೆ ನಿಂತು ಮಾತಾಡಬೇಡ ಬಾಳಾ, ಒಳಗೇ ಮಾತಾಡು, ಸಾವಕಾಶ ಮಾತಾಡು ಎಂದರು. ಅವರ ಮುಖದಲ್ಲಿ ಇದ್ದದ್ದು ಕಾಳಜಿಯೇ. ಆದರೂ ನನ್ನ ಗಂಟಲು ಕಟ್ಟಿತು. ಸ್ವಲ್ಪ ಹೊತ್ತಿಗೆ ಕಟ್ಟಡದ ಒಬ್ಬರು ಬಾಗಿಲಲ್ಲಿ ನಿಂತು, ನಿಮ್ಮಲ್ಲಿ ಇರುವ ಹುಡುಗಿ ಎಲ್ಲಿಯವಳು ಎಂದು ಕಾಕಾರನ್ನು ವಿಚಾರಿಸುವುದು ಕೇಳಿಸಿತು. ‘ಭಾಚೀ ಆಹೆ’ ಎಂದರು ಕಾಕಾ. ಸೋದರ ಸೊಸೆ, ತಾಯಿಯ ತವರಿನ ಕಡೆಯವಳು.

ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಮೂರು ವಾರದಲ್ಲಿ ಒಂದು ಮನೆ ನನ್ನನ್ನು ಸೊಸೆ ಎಂದು ಕರೆದುಕೊಂಡಿತ್ತು. ಅದು ಪ್ರೀತಿಯಿಂದ ಬಂದ ಮಾತೇ. ಆದರೆ ಆ ಸೊಸೆಗೆ ಧಾರವಾಡ ಇರಲಿಲ್ಲ, ಕನ್ನಡ ಇರಲಿಲ್ಲ. ನನ್ನನ್ನು ಉಳಿಸಿಕೊಳ್ಳಲು ನನ್ನ ಒಂದು ಪಾಲನ್ನು ಅಡಗಿಸಬೇಕಾಗಿತ್ತು. ಮುಂಬಯಿ, ಚೆನ್ನೈ, ದೆಹಲಿ, ಹೈದರಾಬಾದಿನಲ್ಲಿ ಇರುವ ನಿಮಗೆ ಇದು ಹೊಸದಲ್ಲ. ಲಿಫ್ಟಿನಲ್ಲಿ ಫೋನ್ ಬಂದಾಗ ದನಿ ತಾನಾಗಿ ತಗ್ಗುವುದು ನಮಗೆಲ್ಲ ಗೊತ್ತು. ನಮ್ಮೂರಿನಲ್ಲಿ ಹೊರಗಿನಿಂದ ಬಂದ ಹುಡುಗನೊಬ್ಬ ಹೀಗೇ ದನಿ ತಗ್ಗಿಸಿದ್ದನ್ನು ನಾವು ಎಂದಾದರೂ ಗಮನಿಸಿದ್ದೇವೆಯೇ ಎಂಬ ಪ್ರಶ್ನೆಯೂ ಆ ರಾತ್ರಿಯೇ ನನಗೆ ಎದುರಾದದ್ದು. ಹಿರೇಬಾಗೇವಾಡಿಯಲ್ಲಿ ಕಲ್ಲು ಬಿದ್ದ ಲಾರಿಯ ಡ್ರೈವರ್ ಕೂಡ ಯಾವುದೋ ಕಾಕುವಿಗೆ ಫೋನ್ ಮಾಡಿ ಮೆಲ್ಲಗೆ ಮರಾಠಿ ಮಾತಾಡಿರಬೇಕು.

ಮರುದಿನ ಬೆಳಿಗ್ಗೆ ಈ ಸಾವಕಾಶ ಮಾತಾಡುವ ಕರಾರು ಮುರಿದು ಬಿದ್ದಿತು. ಮುರಿದವರು ಆಜಿ. ಚಹಾ ಕೊಡಲು ಹೋದಾಗ ನಾನು ಅವರ ಕಿವಿಯ ಹತ್ತಿರ ಪಿಸುದನಿಯಲ್ಲಿ ಮಾತಾಡಿದೆ. ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. ಆಜಿಗೆ ರೇಗಿತು. ಕಿಟಕಿ ಎಂದಿನಂತೆ ತೆರೆದೇ ಇತ್ತು. ‘ಏನವಾ, ಕಳ್ಳರ ಹಂಗ ಮಾತಾಡ್ತಿ? ಗಂಟಲು ಬಿದ್ದೈತೇನು? ಜ್ವಾರಾಗಿ ಹೇಳು!’ ಎಂದು ಇಡೀ ಗಲ್ಲಿಗೆ ಕೇಳುವಂತೆ ಕನ್ನಡದಲ್ಲಿ ಗದರಿದರು. ಕಾಕು ಅಡುಗೆಮನೆಯಿಂದ ಓಡಿ ಬಂದರು. ಕಿಟಕಿ ಮುಚ್ಚಲು ಕೈ ಚಾಚಿ, ಅತ್ತೆಯ ಮುಖ ನೋಡಿ, ಹಾಗೇ ನಿಂತರು. ಆಮೇಲೆ ನಗು ತಡೆಯಲಾಗದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಕಿಟಕಿ ತೆರೆದೇ ಉಳಿಯಿತು.

ಅಂದು ದತ್ತ ಜಯಂತಿ. ಸಂಜೆ ನೈವೇದ್ಯಕ್ಕೆ ಘೇವಡೆಯ ಪಲ್ಯ, ಎಂದರೆ ನಮ್ಮ ಚಪ್ಪರದ ಅವರೆ, ದತ್ತನಿಗೆ ಪ್ರಿಯವಂತೆ. ಕಟ್ಟಡದವರೆಲ್ಲ ಪ್ರಸಾದಕ್ಕೆ ಬಂದರು. ಹಿಂದಿನ ದಿನ ವಿಚಾರಿಸಿದವರೂ ಬಂದರು. ಆರತಿ ಮುಗಿದ ಮೇಲೆ ಕಾಕಾ ಪುಸ್ತಕ ತೆರೆದು ನಲವತ್ತೊಂದನೆಯ ಅಧ್ಯಾಯದ ಆ ಪುಟ ತೆಗೆದರು. ಇದು ಕನ್ನಡ, ಇದರ ಅರ್ಥ ನಿನ್ನೆ ಈ ಹುಡುಗಿ ಹೇಳಿಕೊಟ್ಟಳು, ಧಾರವಾಡದವಳು ಎಂದರು. ಯಾರ ಮುಖವನ್ನೂ ನೋಡದೆ, ಪುಸ್ತಕವನ್ನೇ ನೋಡುತ್ತ ಹೇಳಿದರು. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆ ಮನುಷ್ಯ ‘ಅಸಂ?’ ಎಂದರು. ಹೌದಾ ಎಂದು ಅರ್ಥ. ತಮ್ಮ ಮನೆಯ ಪ್ರತಿಯಲ್ಲೂ ಅದು ಇದೆ, ತಾವೂ ಓದುತ್ತೇವೆ ಎಂದರು. ಒಂದು ಕಾ‍ಗದದ ಮೇಲೆ ಅರ್ಥ ಬರೆದುಕೊಡಲು ಆಗುತ್ತದೆಯೇ ಎಂದು ಕೇಳಿ, ಇನ್ನೊಂದಿಷ್ಟು ಪಲ್ಯ ಹಾಕಿಸಿಕೊಂಡರು. ಗಡಿಯ ಬಗ್ಗೆ ಅವರ ಅಭಿಪ್ರಾಯ ಬದಲಾಯಿತು ಎಂದು ನಾನು ನಂಬಿಲ್ಲ. ಬೆಳಗಾವಿಯ ಬಗ್ಗೆ ನನ್ನದೂ ಬದಲಾಗಿಲ್ಲ. ಅರ್ಥ ಮಾತ್ರ ಬರೆದುಕೊಟ್ಟೆ, ಮರಾಠಿಯಲ್ಲಿ. ತಪ್ಪುಗಳನ್ನು ಕಾಕು ತಿದ್ದಿದರು.

ಅಪ್ಪನಿಗೆ ಫೋನ್ ಮಾಡಿ ಬರುವುದಿಲ್ಲ ಎಂದೆ. ಯಾಕೆ ಎಂದ. ಇನ್ನೂ ‘ಅ’ ಮುಗಿದಿಲ್ಲ ಎಂದೆ.

ಹತ್ತು ದಿನದ ನಂತರ, ಡಿಸೆಂಬರ್ 17ರ ಸಂಜೆ, ಕಾಕಾ ನನ್ನನ್ನು ಮುಕುಂದನಗರದ ಮೈದಾನಕ್ಕೆ ಕರೆದುಕೊಂಡು ಹೋದರು. ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ. ಸವಾಯಿ ಗಂಧರ್ವ ಎಂದರೆ ಕುಂದಗೋಳದ ರಾಮಭಾವು. 1952ರಲ್ಲಿ ಅವರು ತೀರಿಕೊಂಡ ಮೇಲೆ ಗುರುವಿನ ನೆನಪಿಗೆ ಈ ಉತ್ಸವ ಶುರು ಮಾಡಿದವರು ಗದುಗಿನ ಭೀಮಸೇನ ಜೋಶಿ. 2022 ಭೀಮಸೇನರು ಹುಟ್ಟಿ ನೂರು ವರ್ಷವಾದ ವರ್ಷ. ಮಂಟಪದಲ್ಲಿ ಎಲ್ಲಿ ನೋಡಿದರೂ ಜನ. ಚಾಪೆ, ದಿಂಬು, ಫ್ಲಾಸ್ಕಿನಲ್ಲಿ ಚಹಾ, ಡಬ್ಬಿಯಲ್ಲಿ ಥಾಲಿಪೀಠ. ಮೊದಲು ಇದು ರಮಣಬಾಗಿನ ಶಾಲೆಯ ಮೈದಾನದಲ್ಲಿ ನಡೆಯುತ್ತಿತ್ತಂತೆ. ಆಗ ರಾತ್ರಿಯಿಡೀ ಹಾಡು, ಬೆಳಗಿನ ಭೈರವಿ ಕೇಳಿ ಮನೆಗೆ ನಡೆದು ಹೋಗುತ್ತಿದ್ದೆವು ಎಂದರು ಕಾಕಾ. ಗಂಗೂಬಾಯಿ ಹಾನಗಲ್ ಅವರನ್ನು ಮೊದಲು ಕೇಳಿದಾಗ ತಮಗೆ ಹದಿನಾರು ವರ್ಷ ಎಂದು ಹೇಳುವಾಗ ಅವರು ಹದಿನಾರರ ಹುಡುಗನೇ ಆಗಿದ್ದರು. ಹುಬ್ಬಳ್ಳಿಯಲ್ಲಿ ಗಂಗೂಬಾಯಿಯವರ ಮನೆ ಯಾವ ಕಡೆ ಎಂದು ಕೇಳಿದರು. ದೇಶಪಾಂಡೆ ನಗರದ ಕಡೆ ಎಂದೆ. ಒಮ್ಮೆ ನೋಡಬೇಕು ಎಂದರು. ಸ್ವಾರಗೇಟ್ ಅಲ್ಲಿಂದ ಕೂಗಳತೆಯ ದೂರ. ನಾವು ಹಿಂದಿರುಗುವಾಗ ನಿಲ್ದಾಣದ ಮುಂದಿನಿಂದಲೇ ಬಂದೆವು. ಇಬ್ಬರೂ ಆ ಕಡೆ ನೋಡಿದೆವು, ಇಬ್ಬರೂ ಏನೂ ಹೇಳಲಿಲ್ಲ.

ಮುಂದಿನ ತಿಂಗಳುಗಳಲ್ಲಿ ಪುಣೆಯ ಬೇರೆ ಕನ್ನಡವನ್ನೂ ಕಂಡೆ. ಫರ್ಗ್ಯುಸನ್ ರಸ್ತೆಯ ವೈಶಾಲಿಯಲ್ಲಿ ದೋಸೆಗಾಗಿ ಸಾಲು ನಿಂತೆ. ಅದನ್ನು ಬೆಳೆಸಿದವರು ಕರಾವಳಿಯಿಂದ ಬಂದ ಜಗನ್ನಾಥ ಶೆಟ್ಟರು. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದೆ. ಭೈರಪ್ಪನವರ ಕಾದಂಬರಿಗಳನ್ನು ಮರಾಠಿಗರ ಮನೆಮಾತಾಗಿಸಿದ ಉಮಾ ಕುಲಕರ್ಣಿಯವರ ಅನುವಾದಗಳು ಕಾಕುವಿನ ಕಪಾಟಿನಲ್ಲೇ ಇದ್ದವು. ಕಾಕುವಿಗೆ ಭೈರಪ್ಪ ಎಂದರೆ ಮರಾಠಿ ಲೇಖಕರಷ್ಟೇ ಹತ್ತಿರ. ಮನೆಮಾತು ಮರಾಠಿಯಾಗಿದ್ದ ಬೇಂದ್ರೆ ನಮಗೆ ಎಷ್ಟು ಹತ್ತಿರವೋ ಅಷ್ಟು.

ಪುಣೆಗೆ ಓದಲು ಬರುವ ನಮ್ಮ ಹುಡುಗ ಹುಡುಗಿಯರಿಗೆ ಕೆಲವು ಮಾತು ಹೇಳಿ ಮುಗಿಸುತ್ತೇನೆ. ಆಗುವುದಾದರೆ ಮೊದಲ ಒಂದೆರಡು ತಿಂಗಳಾದರೂ ಮನೆಯವರ ಜತೆ ಇರುವಂಥ ಖೋಲಿ ಹುಡುಕಿ. ಹಾಸ್ಟೆಲಿನಲ್ಲಿ ಹಿಂದಿ ಕಲಿಯುತ್ತೀರಿ, ಮನೆಯಲ್ಲಿ ಮರಾಠಿ. ಮನೆಯಿಂದ ಹೊರಡುವಾಗ ಹೋಗುತ್ತೇನೆ ಎನ್ನಬೇಡಿ. ನಾವು ಬರ್ತೀನಿ ಎನ್ನುವ ಹಾಗೆ ಅವರೂ ‘ಯೇತೋ’, ‘ಯೇತೇ’ ಎನ್ನುತ್ತಾರೆ. ಆಮಟಿಯ ಬೆಲ್ಲಕ್ಕೆ ಹದಿನೈದು ದಿನ ಕೊಡಿ. ಶೇಂಗಾ ಚಟ್ನಿ ಎರಡು ಡಬ್ಬಿ ತನ್ನಿ, ಒಂದು ಸಾಲುವುದಿಲ್ಲ. ಅಜ್ಜ ಮಾಳಿಗೆಯಲ್ಲಿದ್ದರೆ ಮಾಳಿಗೆಯಲ್ಲಿದ್ದಾರೆ ಎಂದೇ ಹೇಳಿ. ಮತ್ತು ಏನೇ ಆಗಲಿ, ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಯಾರ ಮನೆಯ ಗಂಟೆಯನ್ನೂ ಒತ್ತಬೇಡಿ.